ಜೀವವಿರುವ ಕ್ರಿಯಾಪದಗಳು

ಗೇಟಿನ ಕಿಂಡಿಯಿಂದ ಹೊರಬಂದ ಕೈಯೊಂದು ಪ್ರತಿಮಾಳ ಅರ್ಜಿಯನ್ನು ಅವಳ ಅಂಗೈಗೇ ಮರಳಿ ತುರುಕಿತು. ಕಿಂಡಿಯ ಹಿಂದಿದ್ದ ಸೆಕ್ಯುರಿಟಿಯವನು ಕೆಟ್ಟವನೇನಲ್ಲ. ಅವಳು ಇದೇ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಗುತ್ತಿಗೆಯ ಮೇಲೆ ದುಡಿಯುವವಳೆಂದು ಬಲ್ಲವನು. ಅವಳ ಕೆದರಿದ ತಲೆಯನ್ನೂ ಬರಿಗಾಲನ್ನೂ ಕಂಡೊಡನೆ ಯಾರು ಹೋದರೆಂದು ತಾನಾಗಿ ವಿಚಾರಿಸಿದವನು. ಆದರೆ ಮ್ಯಾನೇಜರಿಗೆ ಕನ್ನಡ ಓದಲು ಬಾರದು. ಕನ್ನಡದ ಕಾಗದ ಒಳಗೆ ಹೋದರೆ ಸಂಜೆಯವರೆಗೆ ಮೇಜಿನ ಮೇಲೆ ಬಿದ್ದಿರುತ್ತದೆ, ಹೆಣ ಅಷ್ಟು ಹೊತ್ತು ಕಾಯುವುದಿಲ್ಲ ಎಂದು ಅವನು ತಗ್ಗಿದ ದನಿಯಲ್ಲಿ ತಿಳಿಸಿದ.

"ಇಂಗ್ಲಿಷ್‌ನಲ್ಲಿ ಬರ್ಕೊಂಡ್ ಬಾರಮ್ಮ. ನಾನೇ ತಗೊಂಡೋಗಿ ಕೈಗೆ ಕೊಡ್ತೀನಿ."

ರಸ್ತೆಯ ಆಚೆ ಬದಿಯಲ್ಲಿ ತಾಜ್ ಪಾಷಾ ತನ್ನ ಸಾಮಾನಿನ ಆಟೋಕ್ಕೆ ಒರಗಿ ನಿಂತಿದ್ದ. ರಾಮನಗರದಲ್ಲಿ ಗುಜರಿ ಅಂಗಡಿ ಇಟ್ಟಿದ್ದ ಈತ ಪ್ರತಿಮಾಳ ಸತ್ತ ಅಪ್ಪ ಅನಂತರಾಜುವಿನ ಹಳೆಯ ಗೆಳೆಯ. ಸುದ್ದಿ ತಲುಪಿದ ಕೂಡಲೇ ತೂಕದ ಕಲ್ಲುಗಳನ್ನು ಅಂಗಡಿಯೊಳಗೆ ಎಸೆದು ಬಂದಿದ್ದ. ಪ್ರತಿಮಾ ಹೇಳಿದ್ದನ್ನು ಕೇಳಿ ಅವನು ಸೀಟಿನ ಧೂಳನ್ನು ಅಂಗೈಯಿಂದ ಒರೆಸಿದ.

"ಇಂಗ್ಲಿಷ್ ಬರೆಯೋನು ಅಲ್ಲಿ ಮೂಗಿಗೆ ಹತ್ತಿ ಇಟ್ಕೊಂಡು ಮಲಗವ್ನೆ," ಎಂದ. "ಹತ್ತು ಬೇಟಿ, ಮನೇಗೆ ಹೋಗಾನ."

*

ಹಾರೋಹಳ್ಳಿ ಬಸ್ ನಿಲ್ದಾಣದ ಹಿಂದೆ, ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲಿ ಅನಂತರಾಜು ಇಂಗ್ಲಿಷ್ ಕಲಿಸುತ್ತಿದ್ದ. ಯಾವ ಪದವಿಯನ್ನೂ ಪಡೆದವನಲ್ಲ. ತಾಜ್ ಪಾಷಾನ ಗುಜರಿಗೆ ಬರುತ್ತಿದ್ದ, ರಟ್ಟು ಹರಿದ ಇಂಗ್ಲಿಷ್ ಕಾದಂಬರಿಗಳನ್ನು ತೂಕಕ್ಕೆ ಕೊಂಡು, ನಿಘಂಟನ್ನು ಮಗ್ಗುಲಲ್ಲಿಟ್ಟುಕೊಂಡು ಓದಿ ಓದಿ ಆ ಭಾಷೆಯನ್ನು ದಕ್ಕಿಸಿಕೊಂಡಿದ್ದ. ಕೊಲೆ, ಕಳವು, ಕುದುರೆ ಸವಾರರ ಅಗ್ಗದ ಕತೆಗಳು ಅವು. ಅವುಗಳಲ್ಲಿ ಯಾರೂ ಸುಮ್ಮನೆ ಬರುತ್ತಿರಲಿಲ್ಲ, ಸುಮ್ಮನೆ ಹೋಗುತ್ತಿರಲಿಲ್ಲ. ನುಗ್ಗುತ್ತಿದ್ದರು, ನುಸುಳುತ್ತಿದ್ದರು, ತೆವಳುತ್ತಿದ್ದರು. ಇಂಗ್ಲಿಷಿನ ಜೀವವಿರುವುದು ಕ್ರಿಯಾಪದದಲ್ಲಿ ಎಂದು ಅನಂತರಾಜು ಅಲ್ಲಿಂದ ಕಲಿತ, ಮತ್ತು ಜೀವಮಾನವಿಡೀ ಅದೊಂದನ್ನೇ ಕಲಿಸಿದ.

ಹೊಸ ತಂಡ ಬಂದಾಗಲೆಲ್ಲ ಅವನ ಮೊದಲ ಪಾಠ ಒಂದೇ ಆಗಿರುತ್ತಿತ್ತು. ಹಲಗೆಯ ಮೇಲೆ 'ವೆಂಟ್' ಎಂದು ಬರೆದು, ಕಾರ್ಖಾನೆಯ ಇಂಟರ್‌ವ್ಯೂಗೆಂದು ಕಲಿಯಲು ಬಂದ ಹುಡುಗರತ್ತ ತಿರುಗುತ್ತಿದ್ದ.

"ಇದು ಹೆಣ ಕಣ್ರೋ. ಹೆಣಾನ ಎಲ್ಲಿ ಬೇಕಾದ್ರೂ ಹೊತ್ಕೊಂಡೋಗಿ ಮಲಗಿಸ್ಬೋದು. ತಾನಾಗಿ ಎದ್ದು ನಡೆಯಲ್ಲ."

ಅನಂತರ ಅದನ್ನು ಅಳಿಸಿ, ಅದರ ಜಾಗದಲ್ಲಿ ಒಂದೊಂದೇ ಪದ ಬರೆದು, ಪ್ರತಿಯೊಂದನ್ನೂ ನಡೆದು ತೋರಿಸುತ್ತಿದ್ದ. 'ಟ್ರಡ್ಜ್' ಎಂದರೆ ಕೆಸರುಗದ್ದೆಯಲ್ಲಿ ಕಾಲು ಕಿತ್ತಿಡುವುದು. 'ಸ್ಲಿಂಕ್' ಎಂದರೆ ಹಾಲು ಕುಡಿದ ಬೆಕ್ಕು ಗೋಡೆಯ ಮಗ್ಗುಲಲ್ಲಿ ಜಾರಿಕೊಳ್ಳುವುದು. 'ಬಾರ್ಜ್' ಎಂದರೆ ಬಾಗಿಲು ತಟ್ಟದೆ ಭುಜ ಕೊಟ್ಟು ನುಗ್ಗುವುದು. ಹುಡುಗರು ನಗುತ್ತಿದ್ದರು, ನಗುತ್ತಲೇ ಬರೆದುಕೊಳ್ಳುತ್ತಿದ್ದರು. ನಮ್ಮ ಜನ ಕನ್ನಡದಲ್ಲಿ ಬೈಯುವಾಗ ಹುಲಿಗಳು, ಇಂಗ್ಲಿಷಿನಲ್ಲಿ ಬೇಡುವಾಗ ಇಲಿಗಳು. ಸಾಹೇಬನ ಮೇಜಿನ ಮೇಲೆ ನಮ್ಮ ಕಾಗದ ಎದ್ದು ನಿಲ್ಲಬೇಕಾದರೆ ಅದಕ್ಕೆ ಕಾಲು ಕೊಡಬೇಕು ಎಂಬುದು ಅವನ ವಾದ.

ಮಗಳಿಗೂ ವಿನಾಯಿತಿ ಇರಲಿಲ್ಲ. ಅವಳು ಶಾಲೆಗೆಂದು ತಾತನ ಬಗೆಗೆ ಬರೆದ ಪ್ರಬಂಧದಲ್ಲಿ, ತಾತ ಹೊಲಕ್ಕೆ ಹೋದ ಎಂಬ ಮೊದಲ ವಾಕ್ಯದ ಮೇಲೆಯೇ ಕೆಂಪು ಗೀಟು ಬಿದ್ದಿತ್ತು.

"ತಾತ ಸುಮ್ನೆ ಹೋದ್ರು ಅಪ್ಪ."

"ಸುಮ್ನೆ ಯಾರೂ ಹೋಗಲ್ಲ ಮಗ. ನೀನು ಸರ್ಯಾಗಿ ನೋಡಿಲ್ಲ."

ಮಾರನೆಯ ಬೆಳಗ್ಗೆ ಅವಳು ಹಟ್ಟಿಯ ಬಾಗಿಲಲ್ಲಿ ನಿಂತು ನೋಡಿದಳು. ತಾತ ಬೋರಲಿಂಗಯ್ಯ ಬಲಗಾಲನ್ನು ಸ್ವಲ್ಪ ಎಳೆಯುತ್ತಿದ್ದ. ಅದುವರೆಗೆ ಅವಳಿಗೆ ಅದು ಕಂಡೇ ಇರಲಿಲ್ಲ.

*

ಹುಣಸೇದೊಡ್ಡಿಯ ಮನೆಯ ಮುಂದೆ ಹೆಣವನ್ನು ಬೆಂಚಿನ ಮೇಲೆ ಮಲಗಿಸಿದ್ದರು. ನೆರಳಿಗೆ ಕಟ್ಟಿದ ತಾಡಪಾಲು ಗಾಳಿಗೆ ಪಟಪಟ ಬಡಿಯುತ್ತಿತ್ತು. ಊರಿನವರು ಬಂದಿದ್ದರು, ಆದರೆ ಚಪ್ಪರದ ಕೆಳಗೆ ಯಾರೂ ಕೂತಿರಲಿಲ್ಲ. ಎದುರುಮನೆಗಳ ಜಗಲಿಗಳಲ್ಲಿ ಹರಡಿಕೊಂಡು, ಸಾವಿಗೆ ಬಂದೂ ಬಾರದವರಂತೆ ಕೂತಿದ್ದರು. ಅವರ ನಡುವೆ ಬಾಲರಾಜು ಬೀಡಿ ಸೇದುತ್ತಿದ್ದ. ಅನಂತರಾಜುವಿನ ದೊಡ್ಡಪ್ಪನ ಮಗನಾದ ಅವನು ಸತ್ತವನೊಡನೆ ಏಳು ವರ್ಷಗಳಿಂದ ಒಂದು ಮಾತನ್ನೂ ಆಡಿರಲಿಲ್ಲ.

ಸಮಸ್ಯೆ ಎಲ್ಲರಿಗೂ ತಿಳಿದದ್ದೇ. ಹುಣಸೇದೊಡ್ಡಿಯಲ್ಲಿ ಊರಿಗೆಲ್ಲ ಒಂದೇ ಸ್ಮಶಾನವಿಲ್ಲ. ಒಕ್ಕಲು ಮನೆಗಳವರು ತಂತಮ್ಮ ಹೊಲದಲ್ಲೇ ತಂತಮ್ಮವರನ್ನು ಹೂಳುತ್ತ ಬಂದವರು. ಅನಂತರಾಜುವಿನ ಹೊಲ ಈಗ ಕಾರ್ಖಾನೆಯ ಕಾಂಪೌಂಡಿನೊಳಗಿತ್ತು. ಹಿಂಬದಿಯ ಮೂಲೆಯಲ್ಲಿ, ಇನ್ನೂ ಏನನ್ನೂ ಕಟ್ಟದ ಖಾಲಿ ಜಾಗದಲ್ಲಿ, ಬೋರಲಿಂಗಯ್ಯನ ಸಮಾಧಿಯ ಕಲ್ಲು ತಂತಿಬೇಲಿಯಾಚೆಗೆ ಕಾಣುತ್ತಿತ್ತು. ಅನಂತರಾಜು ಪ್ರತಿ ಸಂಜೆ ಆ ಬೇಲಿಯ ಬಳಿ ಹೋಗಿ ನಿಲ್ಲುತ್ತಿದ್ದ.

ತೊರೆಯ ಪಕ್ಕದ ಗೋಮಾಳದಲ್ಲಿ ಗುಂಡಿ ತೆಗೆದರಾಯಿತು ಎಂದು ಹಿರಿಯರು ಬೆಳಗಿನಿಂದ ಹೇಳುತ್ತಿದ್ದರು. ಅಲ್ಲಿ ಕಾರ್ಖಾನೆಗಳ ಕಸದ ಲಾರಿಗಳು ಬಂದು ಸುರಿಯುತ್ತಿದ್ದವು. ಹೆಂಡತಿ ಲತಾಮಣಿ ಅತ್ತಿರಲಿಲ್ಲ. ಹೆಣದ ಕಾಲ ಬಳಿ ಕೂತು ಒಂದೇ ಮಾತನ್ನು ಹೇಳುತ್ತಿದ್ದಳು.

"ಅವ್ರಪ್ಪನ ಮಗ್ಗುಲಿಗೇ ಮಡಗ್ಬೇಕು. ಕಸದ ಗುಡ್ಡೇಗೆ ನನ್ನ ಗಂಡನ್ನ ಕೊಡಾಕಿಲ್ಲ."

ಇಂಗ್ಲಿಷ್ ಅರ್ಜಿಯೇ ಬೇಕಂತೆ ಎಂಬ ಸುದ್ದಿ ಜಗಲಿಯಿಂದ ಜಗಲಿಗೆ ದಾಟಿತು. ದೊಡ್ಡಲಕ್ಷ್ಮಮ್ಮ ಎಂಬ ಮುದುಕಿ ಎಲೆಅಡಿಕೆಯನ್ನು ದವಡೆಗೆ ಸರಿಸಿ, ಎಲ್ಲರಿಗೂ ಕೇಳುವಂತೆ ನುಡಿದಳು:

"ಇಂಗ್ಲೀಸ್ ಬರ್ದು ಬರ್ದೇ ಊರ್ ತಿಂದ. ಈಗ ಅವನ್ನ ಹೂಳಾಕೂ ಇಂಗ್ಲೀಸೇ ಬೇಕಂತೆ."

ಯಾರೋ ನಕ್ಕರು. ಬಾಲರಾಜು ನಗಲಿಲ್ಲ.

ಪ್ರತಿಮಾ ಒಳಗೆ ಹೋಗಿ ಬಿಳಿಯ ಹಾಳೆಯೊಂದನ್ನು ಹುಡುಕಿ ತಂದಳು. ಅವಳ ಸೋದರಮಾವ, ಕೈಲಾಂಚದಿಂದ ಬಂದಿದ್ದ ಮುನಿಶಾಮಯ್ಯ, ಅವಳ ಪಕ್ಕಕ್ಕೆ ಬಂದು ಕುಕ್ಕುರುಗಾಲಲ್ಲಿ ಕುಳಿತ. ಮಗಳೇ, ನಿಮ್ಮಪ್ಪನ ಥರ ಬೇಡ ಎಂದಷ್ಟೇ ಬೇಡಿಕೊಂಡ. ಹಿಂದೆ ಆದದ್ದು ಮತ್ತೆ ಆಗುವುದು ಬೇಡ.

*

ಹಿಂದೆ ಆದದ್ದು ಎರಡು ಸಾವಿರದ ಎರಡನೆಯ ಇಸವಿಯಲ್ಲಿ. ಹೊಲಗಳು ಕೈಗಾರಿಕೆಗೆ ಹೋಗುತ್ತವೆಂದು ನೋಟೀಸು ಬಂದಾಗ, ಸಂಜೆಯ ಹಾಲು ಅಳೆದು ಮುಗಿದ ಮೇಲೆ ಊರಿನ ಗಂಡಸರೆಲ್ಲ ಡೇರಿಯ ಜಗಲಿಯಲ್ಲಿ ಸೇರಿದರು. ತಕರಾರು ಅರ್ಜಿಯನ್ನು ಇಂಗ್ಲಿಷಿನಲ್ಲೇ ಬರೆಯಬೇಕು, ಬೆಂಗಳೂರಿನ ದೊಡ್ಡ ಸಾಹೇಬನೇ ಓದಬೇಕು ಎಂದು ತೀರ್ಮಾನವಾಯಿತು. ಬರೆಯುವವನು ಅನಂತರಾಜುವಲ್ಲದೆ ಬೇರಾರು? ಆ ಸಂಜೆ ಊರಿನಲ್ಲಿ ಅವನಷ್ಟು ಬೇಕಾದವನು ಇನ್ನೊಬ್ಬನಿರಲಿಲ್ಲ. ಪ್ರತಿಮಾ ಹಾಲಿನ ಕ್ಯಾನಿಗೆ ಒರಗಿ ಅಪ್ಪನ ಮುಖವನ್ನು ನೋಡುತ್ತಿದ್ದಳು. ಅಷ್ಟು ಬೆಳಗಿದ ಆ ಮುಖವನ್ನು ಅವಳು ಮುಂದೆ ಎಂದೂ ಕಾಣಲಿಲ್ಲ.

ಅವನು ಶುರು ಮಾಡಿದ್ದು ಮರ್ಯಾದೆಯಿಂದಲೇ. ಒಂದು ವಾಕ್ಯ ಬರೆದು, ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಅರ್ಥ ಹೇಳಿದ. ಜನಕ್ಕೆ ಅದು ಸಪ್ಪೆ ಎನಿಸಿತು.

"ಬೇಡ್ಕಂಡಂಗೈತಲ್ಲೋ," ಎಂದ ಬಾಲರಾಜು. "ನಮ್ ಹೊಲಕ್ಕೆ ಕಾಲಿಟ್ಟೋನ್ ಕಾಲ್ ಮುರೀತೀವಿ ಅಂತ ಹಾಕು."

"ಹಂಗೇ ಬರೆಯೋಕಾಗುತ್ತಾ ಅಣ್ಣ?"

"ಜೀವ ಇರೋ ಮಾತ್ ಬರೀಬೇಕು ಅಂತ ಮಾತೆತ್ತಿದ್ರೆ ಹೇಳ್ತಿದ್ದೋನು ನೀನೇ ಕಣ್ಲಾ. ಬರಿ. ಸಿಗ್ದು ತೋರಣ ಕಟ್ತೀವಿ ಅಂತ ಬರಿ."

ಜಗಲಿ ಕಾವೇರಿತು. ಒಬ್ಬನು ಜೆಸಿಬಿಯನ್ನು ಸುಡಬೇಕೆಂದ, ಇನ್ನೊಬ್ಬನು ಸರ್ವೆಯವರನ್ನು ಕಲ್ಲಿನ ಜೊತೆಗೇ ಹೂಳಬೇಕೆಂದ. ಅನಂತರಾಜು ಒಂದೊಂದಕ್ಕೂ ತಕ್ಕ ಇಂಗ್ಲಿಷ್ ಪದವನ್ನು ಹುಡುಕುತ್ತಿದ್ದ. ಸಿಕ್ಕಾಗ ತೊಡೆ ತಟ್ಟಿಕೊಳ್ಳುತ್ತಿದ್ದ. ಸಿಗಿಯುವುದಕ್ಕೆ ಒಂದು, ಸುಡುವುದಕ್ಕೆ ಒಂದು, ಕಾಲು ಮುರಿಯುವುದಕ್ಕೆ ಅದರ ಸದ್ದೇ ಕೇಳಿಸುವಂಥದ್ದೊಂದು. ಇಡೀ ಅರ್ಜಿಯನ್ನು ಅವನು ಎದ್ದುನಿಂತು ಓದಿದಾಗ, ಅರ್ಥ ತಿಳಿಯದವರೂ ಅದರ ಗತ್ತಿಗೆ ತಲೆದೂಗಿದರು. ಬಾಲರಾಜು ಮೊದಲು ರುಜು ಹಾಕಿದ. ಮಿಕ್ಕವರು ಅವನ ಕೆಳಗೆ ಹಾಕಿದರು.

ಆ ಸೀಮೆಯಲ್ಲಿ ಬೆಳಗ್ಗೆ ಬದುವಿನ ಜಗಳದಲ್ಲಿ ಸಿಗಿದುಹಾಕುತ್ತೇನೆಂದವನು ಮಧ್ಯಾಹ್ನ ಅದೇ ಬದುವಿನ ಮೇಲೆ ಕೂತು, ಬೈಸಿಕೊಂಡವನ ಬುತ್ತಿಯಿಂದ ಮುದ್ದೆ ಮುರಿದು ತಿನ್ನುತ್ತಾನೆ. ಆ ಮಾತುಗಳ ಬಿಸಿಯನ್ನು ಹೀರಿಕೊಳ್ಳಲು ಆ ಮುಖಗಳು, ಆ ನಂಟು, ಆ ಮಧ್ಯಾಹ್ನ ಇರುತ್ತವೆ. ಕಾಗದದೊಡನೆ ಬೆಂಗಳೂರಿಗೆ ಹೋದದ್ದು ಮಾತು ಮಾತ್ರ.

ಉತ್ತರವಾಗಿ ಬಂದದ್ದು ಪೊಲೀಸ್ ಜೀಪು. ಕೊಲೆ ಬೆದರಿಕೆ ಎಂದು ಕೇಸಾಯಿತು. ರುಜುವಿನ ಸಾಲು ಹಿಡಿದು ಒಬ್ಬೊಬ್ಬರನ್ನೇ ಹತ್ತಿಸಿದರು. ಠಾಣೆಯಲ್ಲಿ ಅನಂತರಾಜು ಮುಂದೆ ಬಂದು, ಬರೆದವನೂ ತಾನೇ, ಅಲ್ಲಿರುವ ಮಾತೆಲ್ಲವೂ ತನ್ನದೇ, ಊರಿನವರಿಗೆ ಅರ್ಥವೇ ತಿಳಿಯದೆಂದು ಹೇಳಿಕೆ ಕೊಟ್ಟ. ಅದರಿಂದ ಯಾರೂ ಬಿಡುಗಡೆಯಾಗಲಿಲ್ಲ. ಆದರೆ ಆ ಹೇಳಿಕೆ ಊರಿಗೆ ಉಪಯೋಗಕ್ಕೆ ಬಂತು. ಮುಂದೆ ಹೊಲ ಹೋಯಿತು, ಕಾರ್ಖಾನೆ ಎದ್ದಿತು, ಹೊಲ ಕಳೆದುಕೊಂಡ ಪ್ರತಿ ಮನೆಗೂ ಒಂದು ಕಾಯಂ ಕೆಲಸವೆಂದು ಸಾರಿ, ಕೇಸಿನಲ್ಲಿ ಹೆಸರಿದ್ದ ಮನೆಗಳನ್ನು ಕೈಬಿಟ್ಟರು. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು. ನಾವು ಹೇಳಿದ್ದು ಒಂದು, ಅವನು ಬರೆದದ್ದು ಒಂದು. ಠಾಣೆಯಲ್ಲಿ ಅವನೇ ಒಪ್ಪಿಕೊಂಡನಲ್ಲ. ಬಾಲರಾಜುವಿನ ಮಗ ಇಂದಿಗೂ ಕನಕಪುರದಲ್ಲಿ ಲಾರಿಗೆ ಕಲ್ಲು ತುಂಬುತ್ತಿದ್ದಾನೆ.

ಅನಂತರಾಜು ಅದನ್ನು ಎಂದೂ ಅಲ್ಲಗಳೆಯಲಿಲ್ಲ. ಗೊಬ್ಬರದಂಗಡಿಯ ಮೇಲಿನ ಕೋಣೆಗೆ ಹುಡುಗರು ಬರುವುದು ನಿಂತಿತು. ಪ್ರತಿಮಾ ಡಿಗ್ರಿಯ ಮೊದಲ ವರ್ಷಕ್ಕೇ ಓದು ಬಿಟ್ಟು, ಊರು ಯಾವುದೆಂದು ಕೇಳದ ಗುತ್ತಿಗೆದಾರನೊಬ್ಬನ ಮೂಲಕ, ತಮ್ಮ ಹೊಲದ ಮೇಲೆಯೇ ಎದ್ದ ಕಟ್ಟಡದಲ್ಲಿ ಪೆಟ್ಟಿಗೆಗಳಿಗೆ ಟೇಪು ಅಂಟಿಸುವ ಕೆಲಸಕ್ಕೆ ಸೇರಿದಳು.

*

ತಾಜ್ ಪಾಷಾನ ಆಟೋದ ಸೀಟನ್ನು ಮೇಜು ಮಾಡಿಕೊಂಡು ಅವಳು ಬರೆಯತೊಡಗಿದಳು. ಮೊದಲ ವಾಕ್ಯಕ್ಕೇ ಕೈ ನಿಂತಿತು. ಅಪ್ಪ ಸತ್ತದ್ದು ಸುಮ್ಮನೆ ಅಲ್ಲ. ಬೇಲಿಯ ಬಳಿಯಿಂದ ಬಂದು, ಹೊಸ್ತಿಲು ದಾಟುವಾಗ ಚೌಕಟ್ಟನ್ನು ಹಿಡಿದು, ಹಿಡಿತ ಜಾರಿ, ಒದ್ದೆ ಗೋಡೆಯೊಂದು ಕುಸಿಯುವ ಹಾಗೆ ಕೆಳಗಿಳಿದಿದ್ದ. ಅದಕ್ಕೆ ತಕ್ಕ ಇಂಗ್ಲಿಷ್ ಪದ ಅವಳಿಗೆ ಗೊತ್ತಿತ್ತು. ಕೇಳದಿದ್ದರೂ ಅದು ಬಂದು ನಾಲಿಗೆಯ ತುದಿಯಲ್ಲಿ ನಿಂತಿತು. ಹಿಂದೆಯೇ ಬೇಲಿಗೆ ಒಂದು, ಅವ್ವ ಕೂತ ರೀತಿಗೆ ಒಂದು, ಹೊಲ ಹೋದ ಬಗೆಗೆ ಒಂದು ಸಾಲುಗಟ್ಟಿದವು.

ಅವಳು ಒಂದೊಂದನ್ನೇ ನುಂಗಿದಳು. ನನ್ನ ತಂದೆ ಎಕ್ಸ್‌ಪೈರ್ ಆಗಿದ್ದಾರೆ. ಅವರ ತಂದೆಯ ಸಮಾಧಿ ತಮ್ಮ ಆವರಣದಲ್ಲಿದೆ. ಪಕ್ಕದಲ್ಲಿ ಸ್ಥಳ ಇದೆ. ದಯವಿಟ್ಟು ಅನುಮತಿ ಕೊಡಬೇಕು. ಬರೆದದ್ದನ್ನು ಮತ್ತೆ ಓದಿದಾಗ, ಕೆಂಪು ಶಾಯಿ ಬೀಳದೆ ಉಳಿಯುವ ಒಂದು ವಾಕ್ಯವೂ ಅದರಲ್ಲಿ ಇರಲಿಲ್ಲ.

ಮ್ಯಾನೇಜರು ವಯಸ್ಸಿಗೆ ಮೊದಲೇ ತಲೆ ನರೆತ, ಸೌಮ್ಯ ಸ್ವಭಾವದ ಮನುಷ್ಯ. ಕಾಗದವನ್ನು ಓದಿ ಅವಳನ್ನು ಒಳಗೆ ಕರೆಸಿಕೊಂಡು, ಕುಳಿತುಕೊಳ್ಳಲು ಹೇಳಿ, ಇಂಗ್ಲಿಷಿನಲ್ಲೇ ಸಂತಾಪ ಸೂಚಿಸಿದರು. ಆಮೇಲೆ ಸೆಕ್ಯುರಿಟಿಯವನು ತಂದಿಟ್ಟ, ಹಿಂದಿನ ಕೇಸಿನಲ್ಲಿ ಹೆಸರಿದ್ದ, ಆವರಣದೊಳಗೆ ಬಿಡಬಾರದವರ ಹಳೆಯ ಪಟ್ಟಿಯ ಮೇಲೆ ಕಣ್ಣಾಡಿಸಿದರು. ಬೆರಳು ಒಂದು ಕಡೆ ನಿಂತಿತು. ಸತ್ತವರ ಹೆಸರೇ ಇದರಲ್ಲಿದೆಯಲ್ಲ ಎಂದರು. ಸ್ವಲ್ಪ ಯೋಚಿಸಿ, ಇನ್ನು ಅವರಿಂದ ತೊಂದರೆಯೇನಿಲ್ಲ, ಅವರೊಬ್ಬರಿಗೆ ವಿನಾಯಿತಿ ಕೊಡಬಹುದು ಎಂದು ತೀರ್ಮಾನಿಸಿದರು. ಅದರಲ್ಲಿ ಕುಹಕವಿರಲಿಲ್ಲ, ಸಹಾಯ ಮಾಡುವ ದಾರಿಯನ್ನೇ ಅವರು ಹುಡುಕುತ್ತಿದ್ದರು.

ಷರತ್ತುಗಳನ್ನು ಅರ್ಜಿಯ ಅಂಚಿನಲ್ಲೇ ಬರೆದರು. ಪಟ್ಟಿಯಲ್ಲಿರುವ ಬೇರೆ ಯಾರೂ ಒಳಗೆ ಬರಕೂಡದು. ಮನೆಯವರು ಮತ್ತು ಹೊರುವವರು ಮಾತ್ರ. ತಮಟೆ ಇಲ್ಲ. ಎರಡನೆಯ ಪಾಳಿಯ ಬಸ್ಸು ಬರುವುದರೊಳಗೆ ಮುಗಿಯಬೇಕು. ರುಜು ಹಾಕಿ ಕಾಗದ ಹಿಂದಿರುಗಿಸುವಾಗ ಅವರು ಅದನ್ನು ಇನ್ನೊಮ್ಮೆ ನೋಡಿ, ಅಚ್ಚುಕಟ್ಟಾದ ಇಂಗ್ಲಿಷ್, ಇಲ್ಲಿನವರು ಹೀಗೆ ಬರೆಯುವುದನ್ನು ಕಂಡಿರಲಿಲ್ಲ ಎಂದು ಮೆಚ್ಚಿದರು. ಇದನ್ನು ಕಲಿಸಿದವರು ಇವರಲ್ಲ ತಾನೆ ಎಂದು ಪಟ್ಟಿಯತ್ತ ಕಣ್ಣು ತೋರಿದರು.

ಪ್ರತಿಮಾ ಕಾಗದದ ತುದಿಯನ್ನು ಹಿಡಿದಿದ್ದಳು. ಇನ್ನೊಂದು ತುದಿ ಇನ್ನೂ ಅವರ ಬೆರಳುಗಳಲ್ಲಿತ್ತು.

"ಅಲ್ಲ ಸರ್," ಎಂದಳು. "ಸ್ಕೂಲಲ್ಲಿ ಕಲಿತಿದ್ದು."

*

ಚಟ್ಟ ಎತ್ತುವಾಗ ಬಾಲರಾಜು ಜಗಲಿಯಿಂದಿಳಿದು ಬಂದ. ಬೀಡಿಯನ್ನು ಕಾಲಲ್ಲಿ ಹೊಸಕಿ, ಯಾರನ್ನೂ ಕೇಳದೆ ಮುಂದಿನ ಬಿದಿರಿಗೆ ಹೆಗಲು ಕೊಟ್ಟ. ಅವನ ಹಿಂದೆ ಊರೂ ಎದ್ದಿತು. ಎಂಥ ಹಗೆಯಾದರೂ ಮಣ್ಣಿಗೆ ಬಾರದೆ ಇರುವಂತಿಲ್ಲ. ಗುಂಡಿಗೆ ಮೂರು ಹಿಡಿ ಮಣ್ಣು ಹಾಕಿ ಋಣ ಹರಿದುಕೊಳ್ಳದಿದ್ದರೆ ಸತ್ತವನು ಬಿಡುವುದಿಲ್ಲವೆಂಬ ನಂಬಿಕೆ ಅವರದು. ತಮಟೆಯಿಲ್ಲದ ಆ ಮೆರವಣಿಗೆಯಲ್ಲಿ ಕಾಲುಗಳ ಸದ್ದು ಮಾತ್ರ ಕೇಳುತ್ತಿತ್ತು.

ಗೇಟಿನಲ್ಲಿ ಸೆಕ್ಯುರಿಟಿಯವನು ಪಟ್ಟಿ ಹಿಡಿದು ನಿಂತಿದ್ದ. ಅವನು ಹೆಸರು ಓದುತ್ತ ಹೋದಂತೆ, ಗಂಡಸು ಹೊರಗುಳಿಯದ ಮನೆಯೇ ಊರಿನಲ್ಲಿ ಇಲ್ಲವೆಂಬುದು ಅವರಿಗೇ ಮೊದಲ ಬಾರಿ ಅರಿವಿಗೆ ಬಂದಂತಿತ್ತು. ಗಂಡಸರು ನಿಂತಲ್ಲಿ ಹೆಂಗಸರೂ ನಿಂತರು. ಬಾಲರಾಜು ಬಿದಿರನ್ನು ಇಳಿಸಲಿಲ್ಲ. ಪ್ರತಿಮಾಳ ಕೈಯಲ್ಲಿದ್ದ ಕಾಗದವನ್ನೂ ಅದರ ಅಂಚಿನ ಬರಹವನ್ನೂ ದಿಟ್ಟಿಸಿದ.

"ನಿಮ್ಮಪ್ಪ ಬರ್ದಿದ್ರೆ ಇಂಗೆ ಬರೀತಿರ್ಲಿಲ್ಲ ಕಣವ್ವ," ಎಂದ. "ಊರ್ನೇ ಆಚೆಗಿಟ್ಟು ಬರ್ಸ್ಕೊಂಡ್ ಬಂದಿದ್ದೀಯಲ್ಲ."

ಬೆಳಗಿನಿಂದ ನುಂಗಿದ್ದೆಲ್ಲವೂ ಪ್ರತಿಮಾಳ ನಾಲಿಗೆಯ ತುದಿಗೆ ಬಂತು. ಆದರೂ ಅವಳ ದನಿ ಏರಲಿಲ್ಲ.

"ಅಪ್ಪ ಬರೆದಿದ್ದು ನಿಮ್ಮ ಮಾತನ್ನ ದೊಡ್ಡಪ್ಪ. ಸಿಗ್ದು ತೋರಣ ಕಟ್ತೀವಿ ಅಂದೋರು ನೀವು. ನಾನು ಡೇರಿ ಜಗಲೀಲಿ ಕೂತು ಕೇಳಿಸ್ಕೊಂಡಿದ್ದೀನಿ."

ದೊಡ್ಡಲಕ್ಷ್ಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬಾಲರಾಜು ತಾಜ್ ಪಾಷಾನನ್ನು ಕಣ್ಸನ್ನೆಯಿಂದ ಕರೆದು, ಹೆಣ ಅಲುಗದ ಹಾಗೆ, ಬಿದಿರನ್ನು ತನ್ನ ಹೆಗಲಿನಿಂದ ಅವನ ಹೆಗಲಿಗೆ ದಾಟಿಸಿದ.

"ಗೊತ್ತು," ಎಂದ. "ಎಲ್ಲಾರ್ಗೂ ಗೊತ್ತು."

ಚಟ್ಟ ಒಳಗೆ ಹೋಯಿತು, ಗೇಟು ಮುಚ್ಚಿತು. ತಾಜ್ ಪಾಷಾ, ಮುನಿಶಾಮಯ್ಯ, ಅವನ ಇಬ್ಬರು ಮಕ್ಕಳು ಹೊತ್ತರು. ಹಿಂದೆ ಲತಾಮಣಿ, ಅವಳ ಹಿಂದೆ ಪ್ರತಿಮಾ. ಬೋರಲಿಂಗಯ್ಯನ ಕಲ್ಲಿನ ಮಗ್ಗುಲಲ್ಲಿ ಗುಂಡಿ ಆಗಲೇ ಸಿದ್ಧವಾಗಿತ್ತು. ಹೊತ್ತು ಉಳಿಯಲೆಂದು ಮ್ಯಾನೇಜರೇ ಗಾರ್ಡನ್ ಕೆಲಸದವರಿಂದ ತೆಗೆಸಿದ್ದರು. ಅದರ ಅಂಚುಗಳು ಗೀಟೆಳೆದಂತೆ ನೇರವಾಗಿದ್ದವು. ಲತಾಮಣಿ ಗಂಡನನ್ನು ಇಳಿಸುವುದನ್ನು ನೋಡಿದಳು, ಮಾವನ ಕಲ್ಲನ್ನು ಕೈಯಿಂದ ಮುಟ್ಟಿದಳು, ಆಗ ಅತ್ತಳು.

ಊರಿನವರು ತಂತಿಬೇಲಿಯ ಉದ್ದಕ್ಕೂ ನಡೆದು ಹಿಂಬದಿಯ ಮೂಲೆಗೆ ಬಂದು ನಿಂತಿದ್ದರು. ಒಳಗಿನವರು ಮಣ್ಣು ಎಳೆಯತೊಡಗಿದಾಗ ಬಾಲರಾಜು ಬಗ್ಗಿ, ಹೊಸ ಡಾಂಬರು ರಸ್ತೆಯ ಪಕ್ಕದಲ್ಲಿ ಕೆದಕಿ, ಒಂದು ಹಿಡಿ ತುಂಬಿಕೊಂಡು ಬೇಲಿಯತ್ತ ತೂರಿದ. ಬೇಲಿಯ ಕಣ್ಣುಗಳು ಸಣ್ಣವು. ಮಣ್ಣು ತಂತಿಗೆ ಬಡಿದು ಈಚೆಗೇ ಉದುರಿತು. ಅವನು ಇನ್ನೊಂದು ಹಿಡಿ ತೂರಿದ, ಮತ್ತೊಂದು ತೂರಿದ. ಮಿಕ್ಕವರೂ ಸಾಲಾಗಿ ಬಂದು ತೂರಿದರು, ಸೆರಗು ಹೊದ್ದ ಹೆಂಗಸರೂ ತೂರಿದರು. ಕೈ ಕೊಡವಿಕೊಂಡು, ಹಿಂದೆ ನೋಡದೆ, ಊರಿನ ದಾರಿ ಹಿಡಿದರು.

ತಿರುವಿನಲ್ಲಿ ಎರಡನೆಯ ಪಾಳಿಯ ಬಸ್ಸು ಹಾರನ್ ಮಾಡಿತು. ಕಾಂಪೌಂಡಿನ ಸುತ್ತ ಕಸ ಕಾಣಕೂಡದೆಂಬ ನಿಯಮವಿದ್ದುದರಿಂದ, ಸೆಕ್ಯುರಿಟಿಯವನು ಪೊರಕೆ ಹಿಡಿದು ಬಂದ. ಬೇಲಿಯ ಬುಡದುದ್ದಕ್ಕೂ ಬಿದ್ದಿದ್ದ ಮಣ್ಣಿನ ಸಣ್ಣ ಸಣ್ಣ ಗುಪ್ಪೆಗಳನ್ನು ಒಂದೆಡೆಗೆ ಗುಡಿಸಿ, ತಗಡಿನ ಮೊರಕ್ಕೆ ಎತ್ತಿಕೊಂಡು, ರಸ್ತೆಯಾಚೆಯ ಚರಂಡಿಗೆ ಸುರಿದು, ಮೊರವನ್ನು ಕಲ್ಲಿಗೆ ಎರಡು ಸಲ ಬಡಿದು ಕೊಡವಿದ.